ಸರಪಣಿಯ ನಾಯಿಯ ಕೆರಳಿಕೆ

ಬಿಟ್ಟಿರುವಾಗ ಅನ್ಯ ನಾಯಿಗಳೊಡನೆ ಸಾಧುವಾಗಿಯೇ ವರ್ತಿಸುವ ನಾಯಿ, ಕೊರಳಿಗೆ ಬೆಲ್ಟು ಬಿದ್ದು ಚೈನಿನ ತುದಿ ಯಜಮಾನನ ಕೈ ಸೇರಿದೊಡನೆ, ಹಾದಿಯಲ್ಲಿ ಎದುರಾದ ಇನ್ನೊಂದು ನಾಯಿಯನ್ನು ಕಂಡು ಬೊಗಳುವ, ಜಗ್ಗುವ, ಮೇಲೆರಗಲು ಹವಣಿಸುವ ವರ್ತನೆ. ಇದು ಯಾವುದೊಂದು ತಳಿಗೂ ಮೀಸಲಾದ ದೋಷವಲ್ಲ. ಊರುನಾಯಿಯಲ್ಲಿಯೂ ಮುಧೋಳದ ಬೇಟೆನಾಯಿಯಲ್ಲಿಯೂ ಪೇಟೆಯಿಂದ ಕೊಂಡುತಂದ ಲ್ಯಾಬ್ರಡಾರಿನಲ್ಲಿಯೂ ಸಮಾನವಾಗಿ ಕಾಣಬರುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯಲ್ಲಿ ತೋಟದ ಮನೆಯ ಜೀವನಕ್ರಮವೇ ಈ ವರ್ತನೆಗೆ ಎಡೆಗೊಡುತ್ತದೆಯಾದ ಕಾರಣ, ಅದನ್ನು ಆ ಪರಿಸರದಲ್ಲಿಟ್ಟು ನೋಡುವುದು ಉಚಿತ.

ಈ ಸೀಮೆಯಲ್ಲಿ ಬಲಿತ ಕಾಯನ್ನು ಕೆಡವಿದೊಡನೆ ಒಡೆಯದೆ, ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಅಲುಗುವವರೆಗೆ, ಹೆಚ್ಚುಕಡಮೆ ಒಂದು ವರ್ಷಕಾಲ ಕಾದು, ಅನಂತರ ಸುಲಿದು ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು ಬಹುಕಾಲದ ರೂಢಿ. ವರ್ಷದ ಸಂಪಾದನೆ ಅಟ್ಟದ ಮೇಲಿರುವಾಗ, ಊರಿನಿಂದ ದೂರವಾದ ಒಂಟಿಮನೆಗೆ ನಾಯಿಯೆಂಬುದು ಅಲಂಕಾರವಲ್ಲ, ಕಾವಲು. ಹಗಲು ಕಟ್ಟಿಹಾಕಿ ಇರುಳು ಬಿಡುವುದು, ಚಿರತೆಯ ಭಯವಿದ್ದಲ್ಲಿ ಇರುಳೂ ಒಳಗೆ ಕೂಡುವುದು, ಇದು ದಿನಚರಿ. ಹೀಗೆ ಬೆಳೆದ ನಾಯಿಗೆ ಬೇಲಿಯಾಚೆ ಸುಳಿಯುವ ನಾಯಿಯೆಂದರೆ ಅಟ್ಟಿ ಓಡಿಸತಕ್ಕದ್ದು. ಕಾವಲಿಗೆಂದೇ ಸಾಕಿದ ಪ್ರಾಣಿ ಆ ಕೆಲಸವನ್ನು ಓಣಿಯಲ್ಲಿಯೂ ಮುಂದುವರಿಸಿದಾಗ ಅದನ್ನು ದುಷ್ಟಬುದ್ಧಿಯೆಂದು ಹಳಿಯುವುದು ನ್ಯಾಯವೆನಿಸದು.

ಕಾರಣ ಎರಡು ಬಗೆಯದು, ಒಮ್ಮೊಮ್ಮೆ ಎರಡೂ ಬೆರೆತದ್ದು. ಭೀತಿಯಿಂದ ಕೆರಳುವ ನಾಯಿ ದೂರ ಸರಿಯಲೆಳಸುತ್ತದೆ, ಚೈನು ಬಿಡುವುದಿಲ್ಲ. ಆಸೆಯಿಂದ ಕೆರಳುವ ನಾಯಿ ಹತ್ತಿರ ಸಾರಲೆಳಸುತ್ತದೆ, ಅದಕ್ಕೂ ಚೈನು ಬಿಡುವುದಿಲ್ಲ. ಸ್ವತಂತ್ರವಾದ ಎರಡು ನಾಯಿಗಳು ಸಂಧಿಸುವಾಗ ನೇರವಾಗಿ ಎದುರುಬದುರಾಗದೆ, ಬಳಸಿ ಬಂದು, ಮಗ್ಗುಲಿನಿಂದ ಮೂಸಿ, ಬೇಡವೆನಿಸಿದರೆ ಮುಖ ತಿರುಗಿಸಿ ಹೊರಟುಹೋಗುತ್ತವೆ. ಬಿಗಿದ ಚೈನು ಈ ಶಿಷ್ಟಾಚಾರಕ್ಕೆ ಅವಕಾಶಕೊಡದು; ಕೊರಳೆಳೆತದಿಂದ ಎದೆ ಮುಂದಾಗಿ ತಲೆ ಮೇಲೆದ್ದ ಆ ಭಂಗಿಯನ್ನು ಎದುರಿನ ನಾಯಿ ಪಂಥಾಹ್ವಾನವೆಂದೇ ಗ್ರಹಿಸುತ್ತದೆ. ಅದು ತನ್ನ ದಾರಿ ಹಿಡಿದು ಹೋದರೂ, ಬೊಗಳಿದ ನಾಯಿ ತನ್ನ ಬೊಗಳುವಿಕೆಯಿಂದಲೇ ಅದು ಹೋಯಿತೆಂಬ ಪಾಠ ಕಲಿಯುತ್ತದೆ. ಮಾರನೆಯ ದಿನ ಇನ್ನಷ್ಟು ದೂರದಿಂದಲೇ ಆರಂಭಿಸುತ್ತದೆ.

ಬೊಗಳುವುದಕ್ಕೆ ಕೆಲವು ಕ್ಷಣ ಮೊದಲೇ ಲಕ್ಷಣಗಳು ತೋರುತ್ತವೆ: ತೆರೆದಿದ್ದ ಬಾಯಿ ಮುಚ್ಚುತ್ತದೆ, ಕಿವಿಗಳು ಮುಂದಕ್ಕೆ ನಿಮಿರುತ್ತವೆ, ದೇಹದ ಭಾರ ಮುಂಗಾಲುಗಳ ಮೇಲೆ ಬೀಳುತ್ತದೆ, ದೃಷ್ಟಿ ಕದಲುವುದಿಲ್ಲ. ಬಾಯಿಗೆ ಹಿಡಿದ ತಿಂಡಿಯನ್ನೂ ಗಮನಿಸದಿದ್ದರೆ ನಾಯಿ ತನ್ನ ಸಹನೆಯ ಎಲ್ಲೆ ಮೀರಿತೆಂದೇ ತಿಳಿಯಬೇಕು. ಆಗ ಕಲಿಸುವ ಪ್ರಯತ್ನ ವ್ಯರ್ಥ, ದೂರ ಸರಿಯುವುದೊಂದೇ ಮಾರ್ಗ.

ಚಿಕಿತ್ಸೆಯ ತಿರುಳು ಅಂತರ. ಅನ್ಯ ನಾಯಿಯನ್ನು ಕಂಡೂ ತಿಂಡಿ ತಿನ್ನಬಲ್ಲಷ್ಟು ದೂರವನ್ನು ಮೊದಲು ಗೊತ್ತುಮಾಡಿಕೊಂಡು, ಆ ನಾಯಿ ಕಾಣಿಸಿದೊಡನೆ ರುಚಿಯಾದುದನ್ನು ಕೊಡಲಾರಂಭಿಸಿ, ಅದು ಮರೆಯಾದೊಡನೆ ನಿಲ್ಲಿಸಬೇಕು. ಈ ಕ್ರಮ ತಲೆಕೆಳಗಾಗಬಾರದು: ತಿಂಡಿ ಮೊದಲು ಬಂದು ನಾಯಿ ಅನಂತರ ಬಂದರೆ ತಿಂಡಿಯೇ ಅಪಾಯದ ಸೂಚನೆಯಾದೀತು. ತೆಂಗಿನ ಸೀಮೆಯವರಿಗೆ ಇಲ್ಲೊಂದು ಅನುಕೂಲವುಂಟು. ಸಾಲುಗಳ ನಡುವೆ 27ರಿಂದ 30 ಅಡಿ ಬಿಟ್ಟು ನೆಟ್ಟ ತೋಟದಲ್ಲಿ ಮರಗಳೇ ಅಳತೆಗೋಲಾಗುತ್ತವೆ. ನೆರೆಯವರೊಬ್ಬರು ತಮ್ಮ ಶಾಂತ ನಾಯಿಯೊಡನೆ ಆರು ಸಾಲಿನಾಚೆ ನಿಂತು, ನಮ್ಮ ನಾಯಿ ಅದನ್ನು ಕಂಡು ತಾನಾಗಿಯೇ ಯಜಮಾನನತ್ತ ತಿರುಗುವವರೆಗೂ ಅಲ್ಲಿಯೇ ಇದ್ದು, ಅನಂತರ ಐದನೆಯ ಸಾಲಿಗೆ ಬರಬೇಕು. ಅಲ್ಲಿ ಕೆರಳಿದರೆ ಸಂಕೋಚವಿಲ್ಲದೆ ಏಳಕ್ಕೆ ಹಿಂದಿರುಗಬೇಕು. ಕೆಲಸ ವಾರಗಳದ್ದು, ಕೆಲವೊಮ್ಮೆ ತಿಂಗಳುಗಳದ್ದು. ಬೇಯಿಸಿದ ಮೊಟ್ಟೆ ಅಥವಾ ಕೋಳಿಮಾಂಸದ ಸಣ್ಣ ಚೂರುಗಳು ತಿಂಡಿಗೆ ಒದಗುತ್ತವೆ. ಕೈಗೆಟುಕುವ ಕೊಬ್ಬರಿಯನ್ನೇ ಕೊಡುವ ಮನಸ್ಸಾಗುವುದು ಸಹಜವಾದರೂ, ಜಿಡ್ಡು ಹೆಚ್ಚಿದ್ದು ಭೇದಿಗೆ ಕಾರಣವಾಗುವುದರಿಂದ ಅದು ಸಲ್ಲದು.

ಈ ವಿಧಾನದ ಪೂರ್ವಚರಿತ್ರೆ ನಾಯಿಗಳಿಗಿಂತ ಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು. 1904ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ರಷ್ಯದ ಪಾವ್ಲೋವ್, ಆಹಾರದೊಡನೆ ಸತತವಾಗಿ ಜೊತೆಗೂಡಿದ ಧ್ವನಿಯೂ ನಾಯಿಯ ಬಾಯಲ್ಲಿ ನೀರೂರಿಸುವುದೆಂದು ತೋರಿಸಿದ್ದನಷ್ಟೆ (ಪಾರಿತೋಷಿಕ ಬಂದುದು ಇದಕ್ಕಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ). 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನಿಗೆ ಇಷ್ಟವಾದ ತಿನಿಸು ಕೊಡುತ್ತ ಮೊಲವನ್ನು ಮೆಲ್ಲಮೆಲ್ಲನೆ ಸಮೀಪಕ್ಕೆ ತಂದು ಆ ಭಯವನ್ನು ಹೋಗಲಾಡಿಸಿದಳು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನು ಕ್ರಮಬದ್ಧ ಚಿಕಿತ್ಸೆಯಾಗಿ ನಿರೂಪಿಸಿದನು.

ತೋಟದೊಳಗಿನ ಅಭ್ಯಾಸ ಓಣಿಗೆ ಬಂದಾಗ ಕಷ್ಟಕ್ಕೀಡಾಗುತ್ತದೆ. ಎರಡು ಕಡೆಯೂ ಬೇಲಿಯಿರುವ ಇಕ್ಕಟ್ಟಿನಲ್ಲಿ ಸರಿಯಲು ಎಡೆಯಿಲ್ಲದುದರಿಂದ, ಒಂದು ಮಾತಿಗೆ ಹಿಂದಿರುಗಿ ನಡೆಯುವುದನ್ನು ಅಂಗಳದಲ್ಲಿಯೇ ಕಲಿಸಿಟ್ಟಿರಬೇಕು. ಇಲ್ಲವೆ ಜನಸಂಚಾರವಿಲ್ಲದ ವೇಳೆಯನ್ನಾಗಲಿ ಅಗಲವಾದ ಹಾದಿಯನ್ನಾಗಲಿ ಆರಿಸಿಕೊಳ್ಳಬೇಕು. ತಿಪಟೂರು ಪಟ್ಟಣದ ಬಡಾವಣೆಗಳ ತೊಂದರೆ ಬೇರೆ: ಅಲ್ಲಿ ಎದುರಾಗುವ ನಾಯಿಗೆ ಯಜಮಾನನೂ ಇಲ್ಲ, ಚೈನೂ ಇಲ್ಲ. ಆದರೆ ಬೀದಿನಾಯಿ ಸಾಮಾನ್ಯವಾಗಿ ತನ್ನ ಮೂಲೆಯನ್ನು ಬಿಟ್ಟು ಹೋಗುವುದಿಲ್ಲವಾದುದರಿಂದ, ಯಾವ ಮೂಲೆಯಲ್ಲಿ ಯಾವುದಿದೆಯೆಂದು ಅರಿತು ಬಳಸಿಹೋಗುವುದು ಸಾಧ್ಯ.

ಚೈನು ಆರಡಿಯಷ್ಟಿದ್ದು ಸಡಿಲವಾಗಿರಬೇಕು. ಎದೆಗೆ ಕಟ್ಟುವ ಪಟ್ಟಿ ಕೊರಳ ಬೆಲ್ಟಿಗಿಂತ ಮೇಲು. ಎಳೆದಷ್ಟೂ ಬಿಗಿಯುವ ಕೊರಳ ಸರಪಣಿ, ಮುಳ್ಳಿನ ಪಟ್ಟಿ, ಕೋಲಿನೇಟು ಇವು ಗುರುಗುಟ್ಟುವುದನ್ನು ನಿಲ್ಲಿಸಬಹುದೇ ಹೊರತು ಗುರುಗುಟ್ಟಿಸುವ ಭಾವವನ್ನಲ್ಲ. ಎಚ್ಚರಿಕೆ ಕೊಡಬಾರದೆಂದು ಕಲಿತ ನಾಯಿ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಕೆರಳಿದ ಭರದಲ್ಲಿ ಹಿಡಿದವನ ಕಾಲಿಗೇ ಬಾಯಿಹಾಕುವುದೂ ಉಂಟು. ಕಡಿತವಾದಲ್ಲಿ ಗಾಯವನ್ನು ಕೂಡಲೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಿಂದೆ ಈ ಸ್ವಭಾವವಿಲ್ಲದ ನಾಯಿ ಹಠಾತ್ತನೆ ಕೆರಳತೊಡಗಿದರೆ ಕೀಲುನೋವು, ಕಿವಿಯ ಬಾಧೆ ಮೊದಲಾದುವನ್ನು ಪರೀಕ್ಷಿಸಬೇಕು; ಲಸಿಕೆಯಿಲ್ಲದ ನಾಯಿಯಾದರೆ ರೇಬಿಸ್ ಶಂಕೆಯನ್ನೂ ಬಿಡಲಾಗದು. ಅಭ್ಯಾಸಕ್ಕೆ ಬಗ್ಗದ ತೀವ್ರ ಪ್ರಕರಣಗಳಲ್ಲಿ ಪಶುವೈದ್ಯರು ಔಷಧವನ್ನೂ ಕೊಡುವುದುಂಟು. ತಾಲ್ಲೂಕಿನ ಪಶು ಆಸ್ಪತ್ರೆಯಿಂದಾಚೆಗೆ ಸಲಹೆ ಬೇಕಾದವರಿಗೆ ಹಾಸನದ ಹಾಗೂ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಿವೆ.