ಕೋಟೆಯ ಬಾಗಿಲು ಮತ್ತು ಕಾಳಿ ಎಂಬ ನಾಯಿ

ನಮ್ಮ ಶಾಲೆ ಇರುವ ಪೂರ್ವ ದಿಕ್ಕು ಒಂದು ಕಾಲದಲ್ಲಿ ಬೆಂಗಳೂರಿನ ಗಡಿಯಾಚೆಯ ಸೀಮೆ. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿಯ ಬಂಡೆಯ ಮೇಲಿದೆ. ಉಳಿದ ಮೂರು ಲಾಲ್‌ಬಾಗ್, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿವೆ. ಕೆ.ಆರ್. ಪುರದಿಂದ ಬಸ್ಸಿನಲ್ಲಿ ಹೋಗುವವರಿಗೆ ಹಲಸೂರು ಇಂದು ಊರಿನ ನಡುಭಾಗ. ಅಂದು ಅದು ಕಾವಲಿನ ಕೊನೆ.

ಆ ಕಾವಲು ಬೇಕಾಗಿತ್ತು ಎಂಬುದಕ್ಕೆ 1791 ಸಾಕ್ಷಿ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆಗಳನ್ನು ದಾಟಿ ನಮ್ಮ ಪೂರ್ವ ದಿಕ್ಕಿನಿಂದಲೇ ಬಂದಿತು. ಮಾರ್ಚ್ 7ರಂದು ಪೇಟೆ ಬಿತ್ತು. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಮಡಿದ. 1537ರಲ್ಲಿ ಕೆಂಪೇಗೌಡರು ಮಣ್ಣಿನಿಂದ ಕಟ್ಟಿಸಿ, ಮುಂದೆ ಹೈದರಾಲಿ ಕಲ್ಲಿನಲ್ಲಿ ಬಲಪಡಿಸಿದ ಆ ಕೋಟೆಯಲ್ಲಿ ಈಗ ಉಳಿದಿರುವುದು ಮಾರುಕಟ್ಟೆಯ ಹತ್ತಿರದ ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಸ್ವಲ್ಪ ಭಾಗ ಮಾತ್ರ.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಸ್ಥಾಪಿಸಿದ ಮೇಲೆ ಗಡಿ ಊರೊಳಗೇ ಬಂದಿತು. ಪೇಟೆ ಮೈಸೂರು ಅರಸರದು, ದಂಡು ಬ್ರಿಟಿಷರದು. ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ.

ಒಂದು ಭಾನುವಾರ ನಮ್ಮ ಮನೆಯ ಎರಡು ನಾಯಿಗಳನ್ನೂ ಕರೆದುಕೊಂಡು ಹಲಸೂರಿನಿಂದ ಕೋಟೆಯವರೆಗೆ ಹೋಗಿದ್ದೆವು. ಸಂರಕ್ಷಿತ ಸ್ಮಾರಕದೊಳಗೆ ಪ್ರಾಣಿಗಳನ್ನು ಒಯ್ಯುವಂತಿಲ್ಲ. ಆದ್ದರಿಂದ ಒಬ್ಬರು ಹೊರಗೆ ನೆರಳಿನಲ್ಲಿ ನಾಯಿಗಳೊಡನೆ ನಿಂತರೆ ಇನ್ನೊಬ್ಬರು ಒಳಗೆ ಹೋಗಿ ಬಂದೆವು. ಹೀಗೆ ಹೋಗುವವರು ಬೆಳಿಗ್ಗೆಯೇ ಹೊರಡಬೇಕು, ನೀರು ಜೊತೆಗಿರಬೇಕು, ಮುಚ್ಚಿದ ಕಾರಿನಲ್ಲಿ ನಾಯಿಯನ್ನು ಎಂದೂ ಬಿಟ್ಟು ಹೋಗಬಾರದು. ನಿಯಮ ಸರಿಯಾದದ್ದೇ. ಆದರೆ ನಾಯಿಗೂ ಗಡಿ ಕಾಳಗಕ್ಕೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ. ಅದರ ಸಾಕ್ಷಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕಾಲ ಸುಮಾರು ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲಂನಲ್ಲಿ ಯುದ್ಧ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗರ ಬೂತುಗ, ತನ್ನ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳು ಎಂದ. ಮಣಲೆರ ಕೇಳಿದ್ದು ಹೊನ್ನಲ್ಲ, ಕಾಳಿ ಎಂಬ ಬೇಟೆನಾಯಿ. ಮುಂದೆ ಬೆಳತೂರಿನ ಗುಡ್ಡದ ಬಳಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೆರ ನಾಯಿಗಾಗಿ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿ ಬಿಡಿಸಿದ. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದೆಂಬ ಕಟ್ಟಳೆಯನ್ನೂ ಬರೆಸಿದ. ನಾಯಿ ಹಂದಿಗಳ ಕಾಳಗದ ಚಿತ್ರ ಕಲ್ಲಿನಲ್ಲಿ ಇಂದಿಗೂ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ತಕ್ಕೋಲಂ ಯುದ್ಧದ ಬಗ್ಗೆ ಕನ್ನಡದ ಮುಖ್ಯ ದಾಖಲೆಗಳಲ್ಲೊಂದು ನಮಗೆ ದೊರೆತಿರುವುದು ಒಂದು ನಾಯಿಯ ನೆನಪಿನ ಕಲ್ಲಿನಿಂದ. ಮಣಲೆರನಿಗೆ ತನ್ನ ನಾಯಿಯ ಮೇಲೆ ಅಷ್ಟು ಪ್ರೀತಿ ಇರದಿದ್ದರೆ, ಊರಿನವರು ಆ ಕಲ್ಲನ್ನು ಉಳಿಸಿಕೊಳ್ಳದಿದ್ದರೆ, ಚರಿತ್ರೆಯ ಒಂದು ಪುಟವೇ ನಮಗೆ ಸಿಗುತ್ತಿರಲಿಲ್ಲ.

ನಮ್ಮ ಸುತ್ತಲ ಹಳ್ಳಿಗಳಲ್ಲೂ ವೀರಗಲ್ಲುಗಳಿವೆ. ಕೆಲವಕ್ಕೆ ಅರಿಶಿನ ಕುಂಕುಮ ಸಿಗುತ್ತದೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ಹೊಸ ಬಡಾವಣೆಯ ಮಣ್ಣಿನಡಿ ಸೇರುತ್ತಿವೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ಬೆಳಕಿಗೆ ಬಂದದ್ದು 2018ರಲ್ಲಿ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ ಎಂಬುದು ದೊಡ್ಡ ಸಮಾಧಾನ. ಆದರೆ ಕಲ್ಲು ಎಲ್ಲಿದೆ ಎಂದು ಮೊದಲು ತೋರಿಸಬೇಕಾದವರು ಊರಿನವರೇ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮಕ್ಕಳು ತಮ್ಮ ತಮ್ಮ ಊರಿನ ಹಳೆಯ ಕಲ್ಲುಗಳನ್ನು ಪಟ್ಟಿ ಮಾಡಲಿ. ಜಾಗ, ಫೋಟೊ, ಅಜ್ಜ ಅಜ್ಜಿ ಹೇಳುವ ಕಥೆ, ಇಷ್ಟಿದ್ದರೆ ಸಾಕು. ಗುರುಗಳು ಮಾರ್ಗದರ್ಶನ ಮಾಡಲಿ, ಹಳೆಯ ವಿದ್ಯಾರ್ಥಿಗಳಾದ ನಾವು ಅದನ್ನು ಗಣಕೀಕರಿಸಿ ಕೊಡುತ್ತೇವೆ.