ಕರುಳಿನ ಪರಾವಲಂಬಿಗಳು ಮತ್ತು ಕೋಶಾಧಾರಿತ ರೋಗನಿರೋಧ

ಕರುಳಿಗೆ ಹುಳು ಅಥವಾ ಏಕಕೋಶ ಪರಾವಲಂಬಿ ಸೇರಿದಾಗ ಬಿಳಿ ರಕ್ತಕಣಗಳೂ ಕರುಳಿನ ಒಳಪದರದ ಕೋಶಗಳೂ ಕೂಡಿ ಒಡ್ಡುವ ಪ್ರತಿರೋಧ.

ಜಂತುಹುಳು, ಕೊಕ್ಕೆಹುಳುಗಳನ್ನು ಭಕ್ಷಕ ಕೋಶಗಳು ನುಂಗಲಾರವು. ಹುಳುಗಳು ಅಷ್ಟು ದೊಡ್ಡವು. ಆದ್ದರಿಂದ ಕೊಲ್ಲುವುದಕ್ಕಿಂತ ಹೊರದಬ್ಬುವುದೇ ದೇಹದ ಉಪಾಯ. ಒಳಪದರದ ಟಫ್ಟ್ ಕೋಶಗಳು ಹುಳುವಿನ ಸುಳಿವು ಹಿಡಿದು ಇಂಟರ್‌ಲ್ಯೂಕಿನ್-25 ಎಂಬ ಸಂಕೇತ ಪ್ರೋಟೀನ್ ಸ್ರವಿಸುತ್ತವೆ. ಈ ಸಂಕೇತದ ಬೆನ್ನಲ್ಲೇ ಟಿಎಚ್2 ಎಂಬ ಸಹಾಯಕ ಟಿ ಕೋಶಗಳು ಹೊರಬಿಡುವ ಇಂಟರ್‌ಲ್ಯೂಕಿನ್-4 ಮತ್ತು 13ರಿಂದ ಲೋಳೆ ಹೆಚ್ಚುತ್ತದೆ, ಕರುಳಿನ ಸ್ನಾಯು ಬಿರುಸಾಗಿ ಹಿಂಡುತ್ತದೆ. ರಕ್ತದಲ್ಲಿ ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಏರುತ್ತವೆ. ಈ ವಿವರಗಳು ಬಹುಪಾಲು ಇಲಿಗಳಲ್ಲಿ ಕಂಡವು ಎಂಬುದನ್ನು ಮರೆಯಬಾರದು. ಮನುಷ್ಯರಲ್ಲಿ ಹುಳುಗಳು ಪ್ರತಿರೋಧವನ್ನು ತಗ್ಗಿಸುವ ನಿಯಂತ್ರಕ ಟಿ ಕೋಶಗಳನ್ನು ತಮ್ಮ ಪರ ತಿರುಗಿಸಿಕೊಂಡು ವರ್ಷಗಟ್ಟಲೆ ಬೀಡುಬಿಡುತ್ತವೆ.

ಏಕಕೋಶ ಜೀವಿಗಳ ವಿರುದ್ಧ ಇಂಟರ್‌ಫೆರಾನ್-ಗಾಮಾ ಎಂಬ ಸಂಕೇತ ಪ್ರೋಟೀನ್ ಮುಖ್ಯ. ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಮ್ ಎಂಬ ಏಕಕೋಶ ಜೀವಿಯ ವಿಷಯದಲ್ಲಿ ಸಿಡಿ4 ಟಿ ಕೋಶಗಳ ಪಾತ್ರವನ್ನು ಆ ಕೋಶಗಳನ್ನು ನಾಶಮಾಡುವ ಎಚ್‌ಐವಿ ಸೋಂಕೇ ಬಯಲುಮಾಡಿತು: ದೆಹಲಿಯ ಏಮ್ಸ್ ಸೇರಿದಂತೆ ಹಲವೆಡೆ ಎಚ್‌ಐವಿ ಸೋಂಕಿತರ ಭೇದಿಯ ಅಧ್ಯಯನ ನಡೆದಿದೆ. ಸಿಡಿ4 ಎಣಿಕೆ ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ 200ಕ್ಕಿಂತ ಕೆಳಗಿಳಿದವರಲ್ಲಿ ಭೇದಿ ನಿಲ್ಲದೆ ಕಾಡುವುದುಂಟು.

ಹುಳುಗಳ ವಿರುದ್ಧ ಸಿಗುವ ಪ್ರತಿರೋಧ ದುರ್ಬಲ. ಔಷಧ ತಿಂದವರಿಗೂ ಸೋಂಕು ಮರಳುತ್ತದೆ. ಆದ್ದರಿಂದ ಮಕ್ಕಳಿಗೆ ಮತ್ತೆ ಮತ್ತೆ ಔಷಧ ಕೊಡಲು ಭಾರತದಲ್ಲಿ ಫೆಬ್ರವರಿ 2015ರಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಆರಂಭವಾಯಿತು. ಹರಿಯಾಣವೂ ನಮ್ಮ ಕರ್ನಾಟಕವೂ ಮೊದಲ ಹಂತದಲ್ಲೇ ಇದ್ದವು. 2ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ. ಮಾತ್ರೆ, 1ರಿಂದ 2 ವರ್ಷದೊಳಗಿನ ಮಕ್ಕಳಿಗೆ ಅರ್ಧ ಮಾತ್ರೆ.