ಗಡಿ ದಾಟಿದ ಒಗ್ಗಾಣಿ

ಬಳ್ಳಾರಿಯಲ್ಲಿ ತಿಂಡಿಗೆ ಎಲ್ಲಿ ಹೋಗಬೇಕೆಂದು ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುತ್ತಾರೆ. ಬೆಳಿಗ್ಗೆ ಒಗ್ಗಾಣಿ-ಮಿರ್ಚಿ ಸಿಗುವ ಯಾವುದಾದರೂ ಸಣ್ಣ ಹೋಟೆಲಿಗೆ ಹೋಗಿ ಎನ್ನುತ್ತೇನೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಬಿಸಿ ಮಿರ್ಚಿ. ನಾನು ಓದುತ್ತಿರುವ ಗಡಿಯ ಚರಿತ್ರೆಯೂ ಆ ತಟ್ಟೆಯಲ್ಲೇ ಇದೆ.

1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಹಂಚಿಹೋಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಸೇರಿದಂತೆ ಉಳಿದ ಏಳು ಮೈಸೂರಿಗೆ ಬಂದವು. ಎಲ್ಲಿ ಯಾವ ಭಾಷೆಯವರು ಹೆಚ್ಚು ಎಂಬುದೇ ವಾದವಾಗಿತ್ತು. ಎರಡನ್ನೂ ಆಡುತ್ತಿದ್ದವರು ಕೂಡ ಯಾವುದಾದರೊಂದು ಕಡೆಯ ಲೆಕ್ಕಕ್ಕೆ ಸೇರಬೇಕಾಯಿತು.

ತಿಂಡಿಗೆ ಮಾತ್ರ ಆ ಗೆರೆ ತಾಗಲಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪದಲ್ಲಿ ಒಗ್ಗಾಣಿ-ಮಿರ್ಚಿ; ಸಿರುಗುಪ್ಪದಲ್ಲಿ ಬಸ್ಸು ಹತ್ತಿ ಆದೋನಿಯಲ್ಲಿ ಇಳಿದರೆ ಅದೇ ಉಗ್ಗಾನಿ-ಬಜ್ಜಿ. ಎರಡೂ ಕಡೆ ಕೂತು ಕೇಳಿದ್ದೇನೆ: ಗಿರಾಕಿ ಕನ್ನಡದಲ್ಲಿ ಕೇಳಿದರೆ ಹೋಟೆಲಿನವರು ತೆಲುಗಿನಲ್ಲಿ ಲೆಕ್ಕ ಹೇಳುತ್ತಾರೆ, ಒಮ್ಮೊಮ್ಮೆ ತಿರುಗುಮುರುಗು. ಚಿಲ್ಲರೆ ತಪ್ಪುವುದಿಲ್ಲ. ಗಡಿಯ ಜಗಳದ ಕಾಗದ ಓದಿ ದಣಿದ ದಿನ ನಾನು ಆ ಬೆಂಚಿಗೆ ಹೋಗಿ ಕೂರುವುದು ಅದಕ್ಕೇ.